ಅಂಬಕ್ಕನ ಹೆಜ್ಜೆ

ಆ ಕಾಲೊನಿಯ ಮನೆಗಳ ನೆಲ ಹೆಜ್ಜೆಯ ಅದುರು ಹಿಡಿದೇ ಜನರನ್ನು ಗುರುತಿಸುತ್ತಿತ್ತು. ಮುಖ ನೋಡುವ ಪದ್ಧತಿ ಎಂದೋ ಹೋಗಿತ್ತು. ಮೂರು ದಿನ ಒಬ್ಬರದೇ ನಡಿಗೆ ಸಿಕ್ಕರೆ ಮನೆ ಹೋಯಿತು, ಒಂಟಿ ಜನರ ವಸತಿಗೆ ಕರೆದೊಯ್ಯುವ ಗಾಡಿ ಬಾಗಿಲಿಗೆ ಬರುತ್ತಿತ್ತು.

ತಂಗಿ ತುಂಗವ್ವ ಸೋದರಮಾವನ ಊರಿನಲ್ಲಿ ತೀರಿಕೊಂಡಾಗ, ಮಣ್ಣು ಮಾಡಿ ಬಂದ ಅಂಬಕ್ಕ ಯಾರೆದುರೂ ಬಾಯಿ ಬಿಡಲಿಲ್ಲ. ತಂಗಿಯ ಪೋಲಿಯೊ ಕಾಲಿನ ಬೂಟನ್ನು ತಾನೇ ಕಟ್ಟಿಕೊಂಡು, ದಿನಕ್ಕೆ ನಾಲ್ಕಾರು ಸಲ ಅವಳಂತೆಯೇ ಎಡಗಾಲು ಎಳೆಯುತ್ತ ಅಡುಗೆಮನೆಯಿಂದ ಬಚ್ಚಲಿಗೆ ಓಡಾಡಿದಳು. ಉಳಿದ ಹೊತ್ತು ತನ್ನಂತೆ ನಡೆದಳು. ಹಾಗೆಂದುಕೊಂಡಿದ್ದಳು.

ಐದನೆಯ ತಿಂಗಳು, ಅವಳು ರೊಟ್ಟಿ ಬಡಿಯುತ್ತಿದ್ದಾಗ ವಸತಿ ಇಲಾಖೆಯವನು ಬಂದ.

"ತುಂಗವ್ವಾರ, ನಿಮ್ಮ ಅಕ್ಕಾರ ಹೆಜ್ಜಿ ಮೂರು ದಿನ ಆತು, ನೆಲಕ್ಕ ಸಿಗವಲ್ದು. ತೀರಿಕೊಂಡ್ರೇನ್ರಿ?"

"ನಾನ ಅಂಬಕ್ಕ ಅದೀನ್ರಿ."

"ಹಂಗಾದ್ರ ನಾಕು ಹೆಜ್ಜಿ ನಡದು ತೋರಸ್ರಿ."

ಬರಿಗಾಲಲ್ಲಿ ನಡೆದಳು. ಎಡಗಾಲು ಎಳೆಯಿತು. ತಿರುಗಿ ಬಂದಳು, ಆಗಲೂ ಎಳೆಯಿತು. ಅವನು ಫೋನಿನಲ್ಲಿ ನೆಲ ತೋರಿಸಿದ ಹೆಸರು ನೋಡಿ ಮೆತ್ತಗೆ ಹೇಳಿದ:

"ದುಃಖದಾಗ ಹಿಂಗ ಆಗತೈತ್ರಿ. ಅಕ್ಕಾರ ಹೆಸರು ತಗದೀನಿ. ಸಾಮಾನು ಕಟಗೋರಿ, ತುಂಗವ್ವಾರ."

ಅಂಬಕ್ಕ ಮತ್ತೆ ಹೆಜ್ಜೆ ಎತ್ತಿದಳು. ತಾನು ಮೊದಲು ಹೇಗೆ ನಡೆಯುತ್ತಿದ್ದೆ ಎಂಬುದು ಎಷ್ಟು ಯೋಚಿಸಿದರೂ ನೆನಪಿಗೆ ಬರಲಿಲ್ಲ. ಕುಂಟುಗಾಲಲ್ಲೇ ಅಕ್ಕನ ನಡಿಗೆಯನ್ನು ಅಣಕಿಸಿ ತೋರಿಸಿ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದವಳು ತುಂಗವ್ವ ಒಬ್ಬಳೇ.