ನಾನು ಕೂಗಿದ ಸ್ಲ್ಯಾಮ್

ಪೌಡರಿನ ವಾಸನೆ ಬಂದರೆ ಈಗಲೂ ನನಗೆ ಕೋಟೇಶ್ವರದ ದೊಡ್ಡಪ್ಪನ ಜಗಲಿ ನೆನಪಾಗಿ ಮೈ ಉರಿಯುತ್ತದೆ. ಬೆವರಿಗೆ ಅಂಟದಿರಲೆಂದು ಅವರು ಇಸ್ಪೀಟೆಲೆಗಳಿಗೆ ಪೌಡರ್ ಉಜ್ಜುತ್ತಿದ್ದರು.

ಆ ಮಧ್ಯಾಹ್ನ ಇಬ್ಬಿಬ್ಬರು ಜೋಡಿಯಾಗಿ ಆಡುವ ಬ್ರಿಡ್ಜ್ ಆಟಕ್ಕೆ ಒಬ್ಬರು ಕಡಿಮೆಯಿದ್ದರು. ಏಳನೇ ಕ್ಲಾಸಿನ ಹುಡುಗಿಯಾದ ನನ್ನನ್ನು ದೊಡ್ಡಪ್ಪ ತಮ್ಮ ಜೋಡಿಯಾಗಿ ಕೂರಿಸಿಕೊಂಡರು. ಹದಿಮೂರು ಸುತ್ತುಗಳಲ್ಲಿ ಹನ್ನೆರಡು ಕೈ ಗೆಲ್ಲುತ್ತೇವೆಂದು ಆಟಕ್ಕೆ ಮೊದಲೇ ಕೂಗುವುದು ಸ್ಲ್ಯಾಮ್. ಹಾಗೆ ಕೂಗುವ ಮುನ್ನ ಜೋಡಿಯವರಲ್ಲಿ ಎಕ್ಕ ಎಷ್ಟಿವೆಯೆಂದು ಕೇಳಬೇಕೆಂದು ಅವರೇ ಕಲಿಸಿದ್ದರು. ನನ್ನ ಕೈತುಂಬ ಸ್ಪೇಡ್ ಇದ್ದವು. ಕೂಗಿನ ಸಂಕೇತದಲ್ಲೇ ಕೇಳಿದೆ, ಎರಡಿವೆ ಎಂದು ದೊಡ್ಡಪ್ಪನ ಉತ್ತರ ಬಂತು. ಉಳಿದೆರಡು ಎಕ್ಕ ನನ್ನಲ್ಲಿದ್ದವು.

"ಆರು ಸ್ಪೇಡ್" ಎಂದೆ. ಮೊದಲ ಆರು ಕೈ ಲೆಕ್ಕಕ್ಕಿಲ್ಲ; ಅದರ ಮೇಲೆ ಆರೆಂದರೆ ಹನ್ನೆರಡು, ಅಂದರೆ ಸ್ಲ್ಯಾಮ್.

ದೊಡ್ಡಪ್ಪನ ಮುಖ ಬಿಗಿಯಿತು. "ಎಂತ ಹೆಣೆ, ಇಷ್ಟ್ ದೊಡ್ಡದ್ ಕೂಗೂದಾ? ಎದ್ದೇಳ್, ಮಾಣಿ ಆಡ್ಲಿ" ಎಂದು ನನ್ನ ಎಲೆಗಳನ್ನು ಕಿತ್ತು, ಊಟ ಮುಗಿಸಿ ಬಂದ ತಮ್ಮ ಮಗನ ಕೈಗಿಟ್ಟರು. "ನೀ ಚಾ ಮಾಡ್ಕಂಡ್ ಬಾ."

ಚಾ ತರುವಷ್ಟರಲ್ಲಿ ಹನ್ನೆರಡು ಕೈಯೂ ಬಂದಿದ್ದವು. ಎದುರಾಳಿಗಳಿಬ್ಬರೂ ದೊಡ್ಡಪ್ಪನ ಮಗನಾದ ಆ ಅಣ್ಣನ ಬೆನ್ನು ತಟ್ಟುತ್ತಿದ್ದರು.

"ಮಾಣಿ ಭಾರೀ ಲಾಯ್ಕ್ ಆಡ್ದ" ಎಂದರು ದೊಡ್ಡಪ್ಪ.

"ಕೂಗಿದ್ದ್ ನಾನು" ಎಂದೆ.

"ಕೂಗುಕೆ ಯಾರಿಗೂ ಆತ್ತ್. ಆಡಿ ಗೆಲ್ಲುಕೆ ಆಯ್ಕಲ್ದಾ?"

ಚಾದ ತಟ್ಟೆಯನ್ನು ಹರಡಿದ್ದ ಎಲೆಗಳ ಮೇಲೆಯೇ ಕುಕ್ಕಿ, ಎದುರಾಳಿಗಳಲ್ಲಿ ಹಿರಿಯರಾದ ಪಕ್ಕದ ಮನೆಯ ಮೇಷ್ಟ್ರಿಗೆ ಹೇಳಿದೆ: "ನಿಮ್ಮ್ ಜಾಗ್ದಗೆ ನಾ ಕೂಕಂತೆ. ನಂಗೆ ದೊಡ್ಡಪ್ಪನ ಎದ್ರಿಗ್ ಆಡ್ಕ್."

ಮೇಷ್ಟ್ರು ದೊಡ್ಡಪ್ಪನ ಮುಖ ನೋಡದೆ ಎದ್ದರು. ನಾನು ಕೂತು ಎಲೆಗಳನ್ನು ಬಾಚಿಕೊಂಡೆ. ಕಲಸಿ, ದೊಡ್ಡಪ್ಪನ ಮುಂದೆಯೂ ಹದಿಮೂರು ಎಲೆ ಹಂಚಿದೆ.