ತನ್ನ ಆಮೆನ್ ಹಿಂದೆ ಓಡಿದ ನೇಕಾರ

ಅಲೆಕ್ಸಾಂಡ್ರಿಯದಲ್ಲಿ ಮಾತು ಎತ್ತಿನ ಗಾಡಿಯಷ್ಟೇ ನಿಧಾನವಾಗಿ ಸಾಗುತ್ತಿತ್ತು. ಅಲ್ಲಿನ ಯೆಹೂದ್ಯರ ಸಭಾಮಂದಿರವೋ ಊರುದ್ದ. ಮುಂದೆ ಹೇಳಿದ್ದು ಹಿಂದಿನ ಸಾಲಿಗೆ ಮುಟ್ಟುವಷ್ಟರಲ್ಲಿ ಹೇಳಿದವನಿಗೇ ಮರೆತಿರುತ್ತಿತ್ತು. ಅದಕ್ಕೇ ವೇದಿಕೆಯಲ್ಲಿ ಬಾವುಟ ಬೀಸುತ್ತಿದ್ದರು. ಅದು ಕಂಡೊಡನೆ ಎಲ್ಲರೂ ಆಮೆನ್, ಅಂದರೆ ಹಾಗೇ ಆಗಲಿ, ಅನ್ನಬೇಕು. ಯಾವುದಕ್ಕೆಂದು ಆಮೇಲೆ ತಿಳಿಯುತ್ತಿತ್ತು.

ಕೊನೆಯ ಸಾಲಿನ ನೇಕಾರ ಸಬ್ಬತಾಯ ಅಂದೂ ಬಾವುಟ ನೋಡಿ ಗಂಟಲು ಹರಿಯುವಂತೆ ಆಮೆನ್ ಎಂದ. ನೋಡಿದರೆ, ಮುಂದಿನ ಸಾಲಿನ ಅಕ್ಕಸಾಲಿಗರು ತಿರುಗಿ ತನ್ನನ್ನೇ ನೋಡಿ ನಗುತ್ತಿದ್ದಾರೆ! ಅವರ ಹಿಂದಿನ ಕಮ್ಮಾರರೂ ತಿರುಗಿದರು. ತಾನು ಯಾವುದಕ್ಕೆ ಆಮೆನ್ ಎಂದೆನೆಂದು ಅವನಿಗೆ ಆಗ ಹೊಳೆಯಿತು. ಇವತ್ತು ಹೊಸ ಯಜಮಾನನ ಆಯ್ಕೆ. ಯಜಮಾನನಾದವನು ರೋಮಿನ ದೇಶಾಧಿಪತಿಯೆದುರು ಜನರ ಪರ ವಾದಿಸಬೇಕು, ಛಡಿಯೇಟು ಬಿದ್ದರೆ ಬೆನ್ನೊಡ್ಡಬೇಕು. ತನ್ನ ಆಮೆನ್ ವೇದಿಕೆ ಮುಟ್ಟುವ ಮೊದಲೇ ತಾನು ಮುಟ್ಟಬೇಕೆಂದು ಸಬ್ಬತಾಯ ನಿಲುವಂಗಿ ಎತ್ತಿ ಕಟ್ಟಿ ಓಡಿದ.

ಅರ್ಧ ದಾರಿಯಲ್ಲಿ ಘೋಷಣೆಯೇ ಎದುರಾಯಿತು: “ನೇಕಾರ ಸಬ್ಬತಾಯನೇ ನಮ್ಮ ಯಜಮಾನ!”

“ಓಡೋ, ನಿನ್ನ ಆಮೆನ್ ಈಗಷ್ಟೇ ಹೋಯ್ತು!” ಎಂದು ಕಮ್ಮಾರರು ಕಿಚಾಯಿಸಿದರು.

ಏದುಸಿರು ಬಿಡುತ್ತ ವೇದಿಕೆ ಹತ್ತಿದವನು ಹಳೆಯ ಯಜಮಾನ ದೊಸಿಥೆಯನ ಕೈ ಹಿಡಿದ. “ಅಜ್ಜಾ, ನಂಗೆ ಬೇಡ. ನನ್ನ ಆಮೆನ್ ಇನ್ನೂ ಬಂದಿಲ್ಲ, ಲೆಕ್ಕಕ್ಕೆ ಹಿಡೀಬೇಡಿ.”

ಮುದುಕನ ಕಣ್ಣು ಹೊಳೆಯಿತು. “ನಮ್ಮ ಮೇಲಿನ ಚಾಡಿಗಿಂತ ಮುಂಚೆ ಅರಮನೆ ಮುಟ್ಟೋ ಕಾಲು ನಂಗಿರಲಿಲ್ಲ ಮಗಾ, ಅದಕ್ಕೇ ಇಷ್ಟು ಏಟು ತಿಂದೆ. ಮಾತನ್ನೇ ಹಿಂದೆ ಹಾಕೋ ಗಂಡು ಈಗ ಸಿಕ್ಕಿದಾನೆ, ಬಿಡ್ತೀನಾ?”

ಸಬ್ಬತಾಯ ಬಾಯಿ ತೆರೆಯುವಷ್ಟರಲ್ಲಿ ಅವನದೇ ದನಿ ಬೆನ್ನ ಹಿಂದಿನಿಂದ ಬಂದು, ವೇದಿಕೆಗೆಲ್ಲ ಕೇಳುವಂತೆ ಆಮೆನ್ ಎಂದಿತು.