ಮೇಪಲ್ ಮೇಜು

ಹುಡುಗನ ಮನೆ ನೋಡಿ ಬಂದ ಅಪ್ಪನ ಬಾಯಲ್ಲಿ ಅದೊಂದೇ ಮಾತು. "ಅವರ ಊಟದ ಮೇಜು ಮೇಪಲ್ ಮರದ್ದು ಕಣೇ. ಕೆನೆ ಬಣ್ಣ. ಉಗುರಲ್ಲಿ ಗೀರಿದ್ರೂ ಗೆರೆ ಬೀಳಲ್ಲ."

ಅವರು ನನ್ನನ್ನು ನೋಡಲು ಬರುವ ದಿನ, ಬಾಡಿಗೆ ಅಂಗಡಿಯಿಂದ ಅಂಥದ್ದೇ ಮೇಜು ನಮ್ಮ ಮನೆಗೂ ಬಂತು. ಅದರ ಮೂಲೆಯಲ್ಲಿ ಬಿಸಿ ಪಾತ್ರೆ ಇಟ್ಟು ಸುಟ್ಟ ಕಲೆಯಿತ್ತು. ತಿಳಿ ಬಣ್ಣದ ಮರದಲ್ಲಿ ಅದು ಎದ್ದು ಕಾಣುತ್ತಿತ್ತು. ಅಮ್ಮ ಅದರ ಮೇಲೆ ಹೂದಾನಿ ಇಟ್ಟರು.

"ನಮ್ಮ ತಂದೆ ಮಾಡಿಸಿದ್ದು," ಎಂದು ಅಪ್ಪ ಬಂದವರ ಮುಂದೆ ಮೇಜು ತಟ್ಟಿದರು. "ಮೇಪಲ್ ನೋಡಿ, ಮೊಮ್ಮಕ್ಕಳ ಕಾಲಕ್ಕೂ ಏನೂ ಆಗಲ್ಲ."

ಹುಡುಗನ ತಂದೆ ತಲೆ ಎತ್ತದೆ ಉಪ್ಪಿಟ್ಟು ತಿನ್ನುತ್ತಿದ್ದರು. ಇವರಿಗೆ ಗೊತ್ತಾಗಿಹೋಗಿದೆ ಅನ್ನಿಸಿತು. ಖಾಲಿ ಲೋಟಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದೆ.

ಕೈ ತೊಳೆಯುವ ನೆಪದಲ್ಲಿ ಹುಡುಗನ ತಾಯಿ ಹಿಂದೆಯೇ ಬಂದರು. ನಲ್ಲಿ ತಿರುಗಿಸಿ, ನೀರಿನ ಸದ್ದಿನಲ್ಲಿ ಮೆಲ್ಲಗೆ ಹೇಳಿದರು:

"ಹೂದಾನಿ ಕೆಳಗಿರೋ ಕಲೆಗೆ ಅಂಗಡಿಯವನು ನಿಮ್ಮನ್ನೇನೂ ಅನ್ನಲ್ಲಮ್ಮ. ಅದು ನಮ್ಮನೇಲಿ ಆಗಿದ್ದು ಅಂತ ಅವನಿಗೆ ಗೊತ್ತು."